ಪುಸ್ತಕದ ಪ್ರಾರ್ಥನೆ, ಬಾಯಿಗೆ ಬಂದ ಪ್ರಾರ್ಥನೆ: ಇಂಗ್ಲೆಂಡಿನ ಒಂದು ಹಳೆಯ ವಿವಾದ

ದೇವರನ್ನು ಆರಾಧಿಸಬೇಕಾದದ್ದು ಗೆರಿಜೀಮ್ ಬೆಟ್ಟದಲ್ಲೋ ಯೆರೂಸಲೇಮಿನಲ್ಲೋ ಎಂದು ಸಮಾರ್ಯದ ಸ್ತ್ರೀಯೊಬ್ಬಳು ಬಾವಿಯ ಬಳಿ ಎತ್ತಿದ ಪ್ರಶ್ನೆಗೆ ಯೇಸು ಕೊಟ್ಟ ಉತ್ತರವು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿದೆ. ಆರಾಧನೆಯ ನೆಲೆಯನ್ನು ಸ್ಥಳದಿಂದ ಬಿಡಿಸಿ ಆರಾಧಕನ ಅಂತರಂಗಕ್ಕೆ ತಂದ ಆ ಉತ್ತರವನ್ನು ಕ್ರೈಸ್ತ ಪಂಥಗಳೆಲ್ಲವೂ ಒಪ್ಪಿಕೊಂಡಿವೆಯಾದರೂ, ಅಂತರಂಗದ ಸತ್ಯವು ಹೊರಗೆ ಯಾವ ರೂಪದಲ್ಲಿ ಪ್ರಕಟವಾಗಬೇಕು ಎಂಬ ವಿಷಯದಲ್ಲಿ ಅವು ಒಮ್ಮತಕ್ಕೆ ಬಂದದ್ದಿಲ್ಲ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವು ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅರ್ಥವಿಲ್ಲದೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ಪ್ರಾರ್ಥನೆಯನ್ನು ಖಂಡಿಸಿದ ಬೆನ್ನಿಗೇ ಅಲ್ಲಿ ಯೇಸು ಶಿಷ್ಯರಿಗೆ ಸಿದ್ಧ ಮಾತುಗಳ ಒಂದು ಪ್ರಾರ್ಥನೆಯನ್ನು, ಅಂದರೆ ಇಂದಿಗೂ ಬಹುತೇಕ ಎಲ್ಲ ಸಭೆಗಳಲ್ಲಿ ಹೇಳಲಾಗುವ ಕರ್ತನ ಪ್ರಾರ್ಥನೆಯನ್ನು, ಕಲಿಸಿಕೊಡುತ್ತಾರೆ. ಬರೆದಿಟ್ಟದ್ದನ್ನು ಓದುವುದು ಪ್ರಾರ್ಥನೆಯಾಗುತ್ತದೆಯೇ, ಅಥವಾ ಆ ಹೊತ್ತಿಗೆ ಮನಸ್ಸಿನಿಂದ ಹೊಮ್ಮಿದ ಮಾತು ಮಾತ್ರವೇ ಪ್ರಾರ್ಥನೆಯೇ ಎಂಬ ಪ್ರಶ್ನೆ ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಎಷ್ಟು ತೀವ್ರವಾಯಿತೆಂದರೆ, ಅದು ದಂಡ, ಸೆರೆಮನೆ, ಗಲ್ಲು ಮತ್ತು ಯುದ್ಧಗಳವರೆಗೆ ಬೆಳೆಯಿತು.

ಈ ವಿವಾದದ ಕೇಂದ್ರದಲ್ಲಿರುವ ಗ್ರಂಥ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಸಿದ್ಧಪಡಿಸಿದ, 1549ರ ಜೂನ್ 9ರಿಂದ ದೇಶದ ಎಲ್ಲ ದೇವಾಲಯಗಳಲ್ಲೂ ಕಡ್ಡಾಯವಾಗಿ ಬಳಕೆಗೆ ಬಂದ ‘ಸಾಮಾನ್ಯ ಪ್ರಾರ್ಥನಾ ಪುಸ್ತಕ’. ‘ಸಾಮಾನ್ಯ’ ಎಂದರೆ ಇಲ್ಲಿ ಪಾದ್ರಿಗೂ ಜನರಿಗೂ ಸಮಾನವಾದದ್ದು ಎಂದರ್ಥ. ಜನರಿಗೆ ತಿಳಿಯದ ಲ್ಯಾಟಿನ್ ಭಾಷೆಯಲ್ಲಿ ಆರಾಧನೆ ನಡೆದರೆ ಕಿವಿಗೆ ಬಿದ್ದದ್ದು ಹೃದಯವನ್ನು ಮುಟ್ಟಲಾರದು ಎಂಬುದು ಕ್ರ್ಯಾನ್ಮರನ ವಾದವಾಗಿದ್ದು, ನಂತರದ ತಲೆಮಾರು ಪ್ರಾಮಾಣಿಕತೆಯ ಶತ್ರುವೆಂದು ಬಗೆದ ಈ ಪುಸ್ತಕವು ಹುಟ್ಟಿದ್ದೇ ಪ್ರಾಮಾಣಿಕತೆಯ ಸಲುವಾಗಿ ಎಂಬುದನ್ನು ಮರೆಯುವಂತಿಲ್ಲ. ಆದರೆ ಜನರಿಗೆ ತಿಳಿಯುವ ಭಾಷೆ ಯಾವುದೆಂಬುದನ್ನು ಜನರನ್ನು ಕೇಳಿ ನಿರ್ಧರಿಸಿರಲಿಲ್ಲ. ಅದೇ ವರ್ಷ ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳಲ್ಲಿ ದಂಗೆಯೆದ್ದವರು ತಮ್ಮ ಬೇಡಿಕೆಗಳಲ್ಲಿ, ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯದೆಂದೂ ಹೊಸ ಆರಾಧನೆ ತಮಗೆ ಬೇಡವೆಂದೂ ಘೋಷಿಸಿದರು. ಸೈನ್ಯವು ಆ ದಂಗೆಯನ್ನು ಕ್ರೂರವಾಗಿ ಅಡಗಿಸಿತು. 1552ರಲ್ಲಿ ಪರಿಷ್ಕೃತವಾಗಿ, ರಾಣಿ ಮೇರಿಯ ಕಾಲದಲ್ಲಿ ರದ್ದಾಗಿ, ಅದರ ಕರ್ತೃವು 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ಸುಟ್ಟು ಕೊಲ್ಲಲ್ಪಟ್ಟ ಬಳಿಕ, ಪುಸ್ತಕವು 1559ರಲ್ಲಿ ಎಲಿಜಬೆತ್ ರಾಣಿಯ ಶಾಸನದೊಂದಿಗೆ ಮರಳಿತು. ಭಾನುವಾರದ ಆರಾಧನೆಗೆ ಬಾರದವರಿಗೆ ಆ ಶಾಸನವು ವಿಧಿಸಿದ 12 ಪೆನ್ಸ್ ದಂಡವು ದಿನಗೂಲಿಯ ಮೇಲೆ ಬದುಕುವವನಿಗೆ ಸಣ್ಣ ಮೊತ್ತವಾಗಿರಲಿಲ್ಲ.

ದಂಡದ ಭಯದಿಂದ ಬಂದು ಕುಳಿತವರ ನಡುವೆ ನಿಜವಾದ ಭಕ್ತಿಯನ್ನು ಗುರುತಿಸುವುದು ಹೇಗೆಂಬ ಕಳವಳವು, ಸಭೆಯನ್ನು ಮತ್ತಷ್ಟು ಶುದ್ಧಗೊಳಿಸಬೇಕೆಂದು ಬಯಸಿ ‘ಪ್ಯೂರಿಟನ್’ ಎಂಬ ಅಡ್ಡಹೆಸರು ಪಡೆದವರಲ್ಲಿ ಬೆಳೆಯಿತು. ಅವರಲ್ಲಿ ಹೆಚ್ಚಿನವರ ಆಕ್ಷೇಪವು ಪಾದ್ರಿಯ ಬಿಳಿ ಮೇಲಂಗಿ, ದೀಕ್ಷಾಸ್ನಾನದಲ್ಲಿ ಹಣೆಗೆ ಇಡುವ ಶಿಲುಬೆಯ ಗುರುತು, ಮದುವೆಯ ಉಂಗುರ ಮುಂತಾದ ಆಚರಣೆಗಳ ಸುತ್ತಲೇ ಇತ್ತು. ರಾಷ್ಟ್ರೀಯ ಸಭೆಯಿಂದ ಹೊರನಡೆದ ಪ್ರತ್ಯೇಕತಾವಾದಿಗಳು ಇನ್ನೂ ಮುಂದೆ ಹೋಗಿ, ಓದುವ ಪ್ರಾರ್ಥನೆಯು ಪ್ರಾರ್ಥನೆಯೇ ಅಲ್ಲ, ಏಕೆಂದರೆ ಪ್ರಾರ್ಥಿಸುವವನ ಬಾಯಲ್ಲಿ ಪವಿತ್ರಾತ್ಮನು ಮಾತುಗಳನ್ನು ಇಡಬೇಕಾದ ಜಾಗವನ್ನು ಅಲ್ಲಿ ಕಾಗದ ಆಕ್ರಮಿಸಿಕೊಂಡಿದೆ ಎಂದು ವಾದಿಸಿದರು. 1590ರಲ್ಲಿ ಈ ವಾದವನ್ನೇ ಗ್ರಂಥರೂಪದಲ್ಲಿ ಮಂಡಿಸಿದ ಜಾನ್ ಗ್ರೀನ್‌ವುಡ್ ಮತ್ತು ಅವನ ಸಂಗಾತಿ ಹೆನ್ರಿ ಬ್ಯಾರೋ ಇಬ್ಬರನ್ನೂ ರಾಜದ್ರೋಹದ ಬರಹಗಳ ಆರೋಪದ ಮೇಲೆ 1593ರ ಏಪ್ರಿಲ್ 6ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಲಾಯಿತು.

ಚಾರ್ಲ್ಸ್ ದೊರೆ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದ ಮಾದರಿಯದೊಂದನ್ನು ಸ್ಕಾಟ್ಲೆಂಡಿನ ಮೇಲೆ ಹೇರಲು ಹೊರಟಾಗ, 1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ದೇವಾಲಯದಲ್ಲಿ ಗಲಭೆಯೆದ್ದಿತು. ಜೆನ್ನಿ ಗೆಡ್ಡಿಸ್ ಎಂಬ ಬೀದಿ ವ್ಯಾಪಾರಿ ಹೆಂಗಸು ಪ್ರಾರ್ಥನೆ ಓದುತ್ತಿದ್ದವನ ಮೇಲೆ ಕೂರುವ ಮಣೆಯನ್ನು ಎಸೆದಳೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಹೊತ್ತಿದ ಕಿಡಿಯು ಅಂತರ್ಯುದ್ಧಕ್ಕೆ ಒಂದು ಕಾರಣವಾಗಿ, ಪ್ಯೂರಿಟನ್ನರ ಕೈಮೇಲಾದ ಸಂಸತ್ತು 1645ರಲ್ಲಿ ಪ್ರಾರ್ಥನಾ ಪುಸ್ತಕವನ್ನು ತೆಗೆದುಹಾಕಿ ‘ಸಾರ್ವಜನಿಕ ಆರಾಧನೆಯ ನಿರ್ದೇಶಿಕೆ’ಯನ್ನು ಜಾರಿಗೆ ತಂದಿತು. ಏನನ್ನು ಪ್ರಾರ್ಥಿಸಬೇಕೆಂಬುದನ್ನು ಮಾತ್ರ ಸೂಚಿಸುವ ಈ ಗ್ರಂಥವು ಯಾವ ಮಾತಿನಲ್ಲಿ ಎಂಬುದನ್ನು ಸಭಾಪಾಲಕನ ಆಶುಪ್ರಾರ್ಥನೆಗೆ, ಅಂದರೆ ಪೂರ್ವಲಿಖಿತವಲ್ಲದ, ಸ್ಥಳದಲ್ಲೇ ಮೂಡುವ ಪ್ರಾರ್ಥನೆಗೆ, ಬಿಟ್ಟುಕೊಟ್ಟಿತು. ಸ್ವಾತಂತ್ರ್ಯವನ್ನು ತಂದ ಕೈಯೇ ಕೋಲನ್ನೂ ಹಿಡಿದಿತ್ತು: ಹಳೆಯ ಪುಸ್ತಕವನ್ನು ಬಳಸಿದವನಿಗೆ, ಸ್ವಂತ ಮನೆಯಲ್ಲಿ ಬಳಸಿದರೂ, ಮೊದಲ ಸಲ 5 ಪೌಂಡ್, ಎರಡನೆಯ ಸಲ 10 ಪೌಂಡ್ ದಂಡ ಮತ್ತು ಮೂರನೆಯ ಸಲ ಒಂದು ವರ್ಷದ ಸೆರೆವಾಸ ಎಂದು ಅದೇ ವರ್ಷ ಕಾನೂನಾಯಿತು.

ಎರಡು ಪಕ್ಷಗಳ ವಾದಗಳಲ್ಲಿ ಹೆಚ್ಚಿನವು ಬೈಬಲಿನ ವಚನಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸುವ ಕೆಲಸವಷ್ಟೇ ಆಗಿದ್ದು ಈಗ ಓದಲು ನೀರಸವಾಗಿವೆ. ಅವುಗಳ ನಡುವೆ ಒಂದು ವಾದ ಮಾತ್ರ ಹಳತಾಗಿಲ್ಲ. ಪುಸ್ತಕದ ಪರವಾಗಿ 1649ರಲ್ಲಿ ಬರೆದ ಜೆರಮಿ ಟೇಲರ್ ಮತ್ತು ಅವನ ಪಕ್ಷದವರು ಎತ್ತಿ ತೋರಿಸಿದ ಆ ವಿಚಾರವೆಂದರೆ, ಸಭಾಪಾಲಕನು ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದರೂ ಕೇಳಿ ‘ಆಮೆನ್’ ಎನ್ನುವ ನೂರಾರು ಜನರ ಪಾಲಿಗೆ ಅದು ಬೇರೊಬ್ಬನು ಕಟ್ಟಿಕೊಟ್ಟ ಮಾತೇ ಆಗಿರುತ್ತದೆ, ಮತ್ತು ಮುಂದಿನ ವಾಕ್ಯ ಏನು ಬರಲಿದೆಯೆಂದು ತಿಳಿಯದ ಕೇಳುಗನು ಅದನ್ನು ತನ್ನದಾಗಿಸಿಕೊಳ್ಳುವುದು ಪರಿಚಿತ ಪ್ರಾರ್ಥನೆಯನ್ನು ತನ್ನದಾಗಿಸಿಕೊಳ್ಳುವುದಕ್ಕಿಂತ ಕಷ್ಟ. ಆ ಶತಮಾನದ ಚರ್ಚೆಯು ಬಹುಮಟ್ಟಿಗೆ ಪ್ರಾರ್ಥನೆ ನಡೆಸುವವನ ಬಾಯನ್ನೇ ನೋಡುತ್ತಿತ್ತು; ಕೇಳುವವನ ಪ್ರಾಮಾಣಿಕತೆಯೂ ಇದೆಯೆಂದು ನೆನಪಿಸಿದ್ದು ಈ ವಾದದ ಹೆಚ್ಚುಗಾರಿಕೆ. ಪ್ರತಿಪಕ್ಷಕ್ಕೂ ಹರಿತವಾದ ಅಸ್ತ್ರಗಳಿದ್ದವು. ಶಿರಚ್ಛೇದವಾದ ಚಾರ್ಲ್ಸ್ ದೊರೆಯ ಹೆಸರಿನಲ್ಲಿ ಪ್ರಕಟವಾಗಿ ಜನರ ಕಣ್ಣೀರು ತರಿಸಿದ ಗ್ರಂಥದ ಒಂದು ಪ್ರಾರ್ಥನೆಯು, ಫಿಲಿಪ್ ಸಿಡ್ನಿ ಬರೆದ ‘ಆರ್ಕೇಡಿಯಾ’ ಎಂಬ ಪ್ರಣಯಕಥೆಯ ನಾಯಕಿಯ ಬಾಯಿಂದ ಎತ್ತಿಕೊಂಡದ್ದು ಎಂದು ಕವಿ ಮಿಲ್ಟನ್ 1649ರಲ್ಲಿ ಬಯಲುಮಾಡಿದನು.

1660ರಲ್ಲಿ ರಾಜಪ್ರಭುತ್ವವು ಮರಳಿದ ಮೇಲೆ ಪುಸ್ತಕವೂ ಮರಳಿತು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ ಬಂಧಿತನಾದ, ಬೆಡ್‌ಫರ್ಡ್ ಪ್ರದೇಶದ ಕಲಾಯಿಗಾರ ಜಾನ್ ಬನ್ಯನ್ ನ್ಯಾಯಾಲಯದಲ್ಲಿ, ಪುಸ್ತಕದಿಂದ ಪ್ರಾರ್ಥಿಸಬೇಕೆಂಬ ಆಜ್ಞೆ ಬೈಬಲಿನಲ್ಲಿ ಎಲ್ಲಿದೆಯೆಂದು ಪ್ರಶ್ನಿಸಿದಾಗ, ಆ ಪುಸ್ತಕವು ಅಪೊಸ್ತಲರ ಕಾಲದಿಂದಲೂ ಇದೆಯೆಂದು ನ್ಯಾಯಾಧೀಶ ಕೀಲಿಂಗ್ ಹೇಳಿದನೆಂಬುದು ಬನ್ಯನ್ನನೇ ಬರೆದಿಟ್ಟ ವೃತ್ತಾಂತದಲ್ಲಿದೆ. ನೂರ ಹನ್ನೆರಡು ವರ್ಷಗಳಷ್ಟೇ ಹಳೆಯದಾದ ಗ್ರಂಥವೊಂದು ಆ ವೇಳೆಗೆ ಎಂಥ ಪುರಾತನತೆಯನ್ನು ಗಳಿಸಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಬನ್ಯನ್ ಹನ್ನೆರಡು ವರ್ಷ ಸೆರೆಯಲ್ಲಿದ್ದನು. 1662ರ ಏಕರೂಪತಾ ಶಾಸನವು ಪುಸ್ತಕಕ್ಕೆ ಸಂಪೂರ್ಣ ಸಮ್ಮತಿ ಸೂಚಿಸಲು ಆಗಸ್ಟ್ 24ರ ಗಡುವು ವಿಧಿಸಿತು. 1660ರಿಂದ ಆ ದಿನದವರೆಗೆ ಹುದ್ದೆ ಕಳೆದುಕೊಂಡ ಸಭಾಪಾಲಕರ ಸಂಖ್ಯೆ ಸುಮಾರು 2,000.

ಪುಸ್ತಕವೂ ಬೇಡ, ಸಭಾಪಾಲಕನ ಆಶುಪ್ರಾರ್ಥನೆಯೂ ಬೇಡ ಎಂದವರು ಜಾರ್ಜ್ ಫಾಕ್ಸ್‌ನ ಹಿಂಬಾಲಕರಾದ ‘ಮಿತ್ರರು’, ಅಂದರೆ ಕ್ವೇಕರರು. 1652ರಿಂದೀಚೆಗೆ ವಾಯವ್ಯ ಇಂಗ್ಲೆಂಡಿನಲ್ಲಿ ಹರಡಿದ ಈ ಪಂಥದ ಆರಾಧನೆಯಲ್ಲಿ ಪೀಠ, ಪಾದ್ರಿ, ಸಂಸ್ಕಾರ, ಕೀರ್ತನೆ ಯಾವುದೂ ಇರಲಿಲ್ಲ. ಸೇರಿದವರು ಮೌನವಾಗಿ ಕಾದು ಕುಳಿತು, ಒಳಗಿನಿಂದ ಪ್ರೇರಣೆಯಾದವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ಮಾತಾಡುತ್ತಿದ್ದರು. ಮನುಷ್ಯನ ಸ್ವಂತ ಇಚ್ಛೆಯಿಂದ ಹೊರಟ ಯಾವ ಮಾತೂ, ಅದು ಓದಿದ್ದಾಗಲಿ ಆಶುವಾಗಲಿ, ಆರಾಧನೆಯಲ್ಲ ಎಂದು ರಾಬರ್ಟ್ ಬಾರ್ಕ್ಲೆ 1676ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಪ್ರತಿಪಾದಿಸಿದನು. ಪುಸ್ತಕವನ್ನು ತಿರಸ್ಕರಿಸಿದ ಬನ್ಯನ್ನನೇ ಕ್ವೇಕರರ ವಿರುದ್ಧ 1656ರಲ್ಲಿ ಗ್ರಂಥ ಬರೆದವನೆಂಬುದು ಗಮನಾರ್ಹ. ಮೌನಕ್ಕೂ ಬೇಗನೆ ಶಿಸ್ತಿನ ಚೌಕಟ್ಟು ಬಂದಿತು. ಉಡುಪಿನ ಸರಳತೆಯೇ ಸಮವಸ್ತ್ರದ ನಿಯಮವಾಗುತ್ತಿರುವುದನ್ನು ಕಂಡು ಪಂಥದ ಹಿರಿಯಳಾದ ಮಾರ್ಗರೆಟ್ ಫೆಲ್ 1700ರಲ್ಲಿ, ತನ್ನ ಎಂಬತ್ತೈದರ ಆಸುಪಾಸಿನಲ್ಲಿ, ಕಟುವಾಗಿ ಟೀಕಿಸಿದಳು. ಆಶುಪ್ರಾರ್ಥನೆಯ ಗತಿಯೂ ಬೇರೆಯಾಗಲಿಲ್ಲ. ಕೀರ್ತನಕಾರ ಐಸಾಕ್ ವಾಟ್ಸ್ 1715ರಲ್ಲಿ ಪ್ರಕಟಿಸಿದ ಕೈಪಿಡಿಯು ಪುಸ್ತಕವಿಲ್ಲದೆ ಪ್ರಾರ್ಥಿಸುವುದನ್ನು ಕಲಿಯಬಹುದಾದ ಕಲೆಯೆಂದು ಭಾವಿಸಿ, ಪ್ರಾರ್ಥನೆಯ ಅಂಗಗಳು, ಪದಗಳ ಆಯ್ಕೆ, ಧ್ವನಿ, ಮೈಯ ನಿಲುವು ಇವೆಲ್ಲವನ್ನೂ ಹೇಳಿಕೊಡುತ್ತದೆ.

ಈ ವಿವಾದದ ವಾರಸುದಾರರು ಮಿಷನರಿಗಳಾಗಿ ದಕ್ಷಿಣ ಭಾರತಕ್ಕೂ ಬಂದರು. ಬಳ್ಳಾರಿಯಲ್ಲಿ 1810ರಲ್ಲಿ ಕೆಲಸ ಆರಂಭಿಸಿದ ಜಾನ್ ಹ್ಯಾಂಡ್ಸ್‌ನ ಲಂಡನ್ ಮಿಷನ್ ಮುಖ್ಯವಾಗಿ ಪುಸ್ತಕವನ್ನು ನಿರಾಕರಿಸಿದವರ ಪರಂಪರೆಗೆ ಸೇರಿದ್ದರೆ, ಮೈಸೂರು ಸೀಮೆಯ ವೆಸ್ಲಿಯನ್ ಮೆಥಡಿಸ್ಟರು ಪುಸ್ತಕವನ್ನೂ ಆಶುಪ್ರಾರ್ಥನೆಯನ್ನೂ ಬಲ್ಲವರಾಗಿದ್ದರು, ಆಂಗ್ಲಿಕನ್ ಸಭೆಗಳು ಪುಸ್ತಕವನ್ನೇ ಹಿಡಿದಿದ್ದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಇವೆಲ್ಲ ಸೇರಿ ‘ದಕ್ಷಿಣ ಭಾರತ ಸಭೆ’ ಉದಯಿಸಿದಾಗ, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಪ್ಪದ ಆರಾಧನಾಕ್ರಮವನ್ನು ಹೇರುವುದಿಲ್ಲವೆಂಬ ವಚನವನ್ನು ಐಕ್ಯದ ಒಡಂಬಡಿಕೆಯಲ್ಲೇ ಸೇರಿಸಲಾಯಿತು. 1950ರಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಅದರ ಪ್ರಭುಭೋಜನ ಕ್ರಮದಲ್ಲಿ ಸಭಾಪಾಲಕನು ಮೇಜಿನ ಹಿಂದೆ ಜನರಿಗೆ ಅಭಿಮುಖನಾಗಿ ನಿಲ್ಲುತ್ತಾನೆ, ಜನರ ಪಾಲಿನ ಪ್ರತ್ಯುತ್ತರಗಳು ಹೆಚ್ಚಾಗಿವೆ, ಮತ್ತು ಸಮಾಧಾನದ ವಂದನೆಯು ಮೇಜಿನ ಬಳಿಯಿಂದ ಕೈಯಿಂದ ಕೈಗೆ ಸಾಲುಸಾಲಾಗಿ ಇಡೀ ಸಭೆಗೆ ಹಬ್ಬುತ್ತದೆ. ಟೇಲರ್ ನೆನಪಿಸಿದ ಆ ಕೇಳುಗನಿಗೆ ಹೀಗೆ ಆರಾಧನೆಯಲ್ಲಿ ಮಾತೂ ಕೆಲಸವೂ ದೊರೆತವು. 1963ರಲ್ಲಿ ಆ ಕ್ರಮವೂ ಇತರ ಕ್ರಮಗಳೊಡನೆ ಅಚ್ಚಾಗಿ ಪುಸ್ತಕವಾಯಿತು.