ಮತಪೆಟ್ಟಿಗೆ ಮತ್ತು ಗುರುಪೀಠ: ಕಿರ್ಯಾಸ್ ಜೋಯೆಲ್‌ನ ಸ್ಥಳೀಯ ಚುನಾವಣೆಗಳಲ್ಲಿ ಸತ್ಮಾರ್ ಯೆಹೂದಿಗಳ ಧಾರ್ಮಿಕ ಬದುಕು

ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿರುವ ಕಿರ್ಯಾಸ್ ಜೋಯೆಲ್ ಎಂಬ ಊರು ಸತ್ಮಾರ್ ಪಂಥದ ಯೆಹೂದಿಗಳು 1977ರಲ್ಲಿ ರಾಜ್ಯದ ಕಾನೂನಿನಡಿ ರಚಿಸಿಕೊಂಡ ಸ್ವಯಮಾಡಳಿತ ಗ್ರಾಮವಾಗಿದ್ದು, 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 32,954. ಅಮೆರಿಕದ ಸಂವಿಧಾನ ಚರ್ಚೆಗಳಲ್ಲಿ ಈ ಊರಿನ ಹೆಸರು ಧರ್ಮ ಮತ್ತು ಪ್ರಭುತ್ವಗಳ ಸಂಬಂಧದ ಪ್ರಶ್ನೆಯಾಗಿಯೇ ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಇಸ್ರೇಲಿನ ಚುನಾವಣೆಗಳಲ್ಲಿ ಮತ ಹಾಕುವುದನ್ನು ಪಾಪವೆಂದು ಸಾರಿದ ಪಂಥವೊಂದು ಅಮೆರಿಕದ ಸ್ಥಳೀಯ ಮತಾಧಿಕಾರವನ್ನು ತನ್ನ ಮುಖ್ಯ ರಕ್ಷಣೆಯನ್ನಾಗಿ ಮಾಡಿಕೊಂಡದ್ದು, ಅದೇ ಮತಾಧಿಕಾರ ಮುಂದೆ ಗುರುವಿನ ಅಧಿಕಾರದೊಳಗೇ ಭಿನ್ನಮತಕ್ಕೆ ಎಡೆಮಾಡಿಕೊಟ್ಟದ್ದು ಅದಕ್ಕಿಂತಲೂ ಕುತೂಹಲಕಾರಿಯಾದ ಬೆಳವಣಿಗೆಯಾಗಿದೆ.

ಸತ್ಮಾರ್ ಪಂಥವು ಹಸೀದಿ ಪರಂಪರೆಗೆ, ಎಂದರೆ 18ನೆಯ ಶತಮಾನದ ಪೂರ್ವ ಯೂರೋಪಿನಲ್ಲಿ ಹುಟ್ಟಿದ ಭಕ್ತಿಪ್ರಧಾನ ಯೆಹೂದಿ ಧಾರೆಗೆ ಸೇರಿದುದು. ಇಂಥ ಪ್ರತಿಯೊಂದು ಪಂಥಕ್ಕೂ ರೆಬ್ಬೆ ಎಂದು ಕರೆಯಲಾಗುವ ಒಬ್ಬ ಗುರುವಿದ್ದು, ಆ ಪೀಠ ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುತ್ತದೆ. ಸಿಗೆಟ್‌ನಲ್ಲಿ ಹುಟ್ಟಿ, 1934ರಲ್ಲಿ ಇಂದಿನ ರುಮೇನಿಯದ ಸಾತು ಮಾರೆ ಪಟ್ಟಣದ ರಬ್ಬಿ (ಯೆಹೂದಿ ಧರ್ಮಗುರು) ಆದ ಜೋಯೆಲ್ ಟೈಟಲ್‌ಬಾಮ್ (1887–1979) ನಾಜಿ ಹತ್ಯಾಕಾಂಡದಿಂದ ಪಾರಾಗಿ, ಕೆಲಕಾಲ ಪ್ಯಾಲೆಸ್ಟೈನಿನಲ್ಲಿದ್ದು, ಆಮೇಲೆ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಬಡಾವಣೆಯಲ್ಲಿ ಅಳಿದುಳಿದ ಅನುಯಾಯಿಗಳನ್ನು ಮತ್ತೆ ಒಗ್ಗೂಡಿಸಿದರು. ಮೆಸ್ಸೀಯ, ಅಂದರೆ ದೇವರು ಕಳುಹಿಸಲಿರುವ ವಿಮೋಚಕ, ಬರುವ ಮುನ್ನ ಯೆಹೂದಿಗಳು ತಮ್ಮ ಬಲದಿಂದಲೇ ರಾಜ್ಯ ಕಟ್ಟುವುದು ದೈವದ್ರೋಹವೆಂದು ಅವರು ‘ವಯೋಯೆಲ್ ಮೋಶೆ’ ಗ್ರಂಥದಲ್ಲಿ ಯೆಹೂದಿ ಧರ್ಮಶಾಸ್ತ್ರವಾದ ತಾಲ್ಮುದ್‌ನ ಆಧಾರಗಳೊಡನೆ ವಾದಿಸಿದ್ದರು. ಅನ್ಯರ ನಾಡಿನಲ್ಲಿ ದೇಶಭ್ರಷ್ಟರಾಗಿರುವಾಗ ಆ ನಾಡಿನ ಕಾನೂನಿಗೆ ತಲೆಬಾಗಿ, ದೊರೆಯ ಬಳಿ ಅಹವಾಲು ಸಲ್ಲಿಸಿ ತಮ್ಮ ಧರ್ಮವನ್ನು ಕಾಪಾಡಿಕೊಳ್ಳುವುದಕ್ಕೆ ಈ ವಾದದಲ್ಲಿ ಅಡ್ಡಿಯಿರಲಿಲ್ಲ. ಪೂರ್ವ ಯೂರೋಪಿನ ಯೆಹೂದಿ ಸಮುದಾಯಗಳಲ್ಲಿ ಈ ಮಧ್ಯಸ್ಥಿಕೆಯ ಕೆಲಸ ಮಾಡುತ್ತಿದ್ದವರಿಗೆ ಶ್ಟದ್ಲಾನ್ ಎಂಬ ಹೆಸರಿತ್ತು. ಹೀಗಾಗಿ ಅಮೆರಿಕದಲ್ಲಿ ಮತ ಹಾಕುವುದು ಸತ್ಮಾರ್‌ನವರಿಗೆ ಪ್ರಜಾಪ್ರಭುತ್ವದ ಮೇಲಿನ ನಿಷ್ಠೆಗಿಂತ ಹೆಚ್ಚಾಗಿ ಆ ಹಳೆಯ ಅಹವಾಲಿನ ಹೊಸ ರೂಪವಾಗಿತ್ತೆಂದು ಹೇಳುವುದು ಹೆಚ್ಚು ಸರಿ.

1970ರ ದಶಕದಲ್ಲಿ ರೆಬ್ಬೆಯ ಅನುಯಾಯಿಗಳು ಮನ್ರೋ ಎಂಬ ಟೌನಿನ, ಎಂದರೆ ಕೌಂಟಿಯ ಉಪವಿಭಾಗದ, ವ್ಯಾಪ್ತಿಯಲ್ಲಿ ಜಮೀನು ಕೊಂಡು ಮನೆ ಕಟ್ಟತೊಡಗಿದಾಗ, ಯಾವ ಜಾಗದಲ್ಲಿ ಎಂಥ ಕಟ್ಟಡ ಇರಬೇಕೆಂದು ಗೊತ್ತುಪಡಿಸುವ ವಲಯ ನಿಯಮಗಳು ಅಡ್ಡಬಂದವು. ಒಂದು ಕುಟುಂಬಕ್ಕೆಂದು ಅನುಮತಿ ಪಡೆದ ಮನೆಯಲ್ಲಿ ಹಲವು ಕುಟುಂಬಗಳು ವಾಸಿಸುತ್ತಿವೆ, ಅಲ್ಲೇ ಪಾಠಶಾಲೆ, ಪ್ರಾರ್ಥನಾಮಂದಿರಗಳೂ ನಡೆಯುತ್ತಿವೆ ಎಂಬುದು ಟೌನ್ ಅಧಿಕಾರಿಗಳ ತಕರಾರು. ನ್ಯೂಯಾರ್ಕಿನ ಕಾನೂನಿನಂತೆ ಟೌನಿನೊಳಗಿನ ಪ್ರದೇಶವೊಂದರ ನಿವಾಸಿಗಳು ಅರ್ಜಿ ಸಲ್ಲಿಸಿ ಪ್ರತ್ಯೇಕ ಗ್ರಾಮ ರಚಿಸಿಕೊಳ್ಳಬಹುದಾಗಿದ್ದು, ಹಾಗೆ ರಚನೆಯಾದ ಗ್ರಾಮ ತನ್ನ ವಲಯ ನಿಯಮಗಳನ್ನು ತಾನೇ ರೂಪಿಸಿಕೊಳ್ಳುತ್ತದೆ. ಅನುಯಾಯಿಗಳು ಈ ದಾರಿ ಹಿಡಿದಾಗ ನೆರೆಯವರ ವಿರೋಧ ಬಂದದ್ದರಿಂದ ಹೊಸ ಗ್ರಾಮದ ಗಡಿಯನ್ನು ಸತ್ಮಾರ್‌ನವರ ಒಡೆತನದ 320 ಎಕರೆಗಷ್ಟೇ ಸೀಮಿತಗೊಳಿಸಲಾಯಿತು. ಮೊದಲ ಮೇಯರ್ ಲೈಬಿಶ್ ಲೆಫ್ಕೊವಿಟ್ಜ್ ಪಂಥದ ಸಭೆಯ ಅಧ್ಯಕ್ಷರೂ ಆಗಿದ್ದುದರಿಂದ, ಗುರುವಿನ ಮಾತು ಮತ್ತು ಗ್ರಾಮದ ಆಡಳಿತ ಎರಡೂ ಆರಂಭದಿಂದಲೇ ಒಂದೇ ಕೈಯಲ್ಲಿದ್ದವು.

ಈ ಏರ್ಪಾಡಿನ ನಿಜವಾದ ಪರೀಕ್ಷೆ ನಡೆದದ್ದು ಶಾಲೆಯ ವಿಷಯದಲ್ಲಿ. ಮನೆಮಾತು ಯಿಡ್ಡಿಷ್ ಆಗಿದ್ದ, ರೇಡಿಯೊ, ಟಿವಿಗಳಿಂದ ದೂರವಿದ್ದ ಈ ಸಮುದಾಯದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬೇರೆ ಬೇರೆ ಖಾಸಗಿ ಧಾರ್ಮಿಕ ಶಾಲೆಗಳಲ್ಲಿ ಓದುತ್ತಿದ್ದರು. ಆದರೆ ಬುದ್ಧಿಮಾಂದ್ಯತೆ, ಶ್ರವಣದೋಷಗಳಿದ್ದ ಮಕ್ಕಳಿಗೆ ಬೇಕಾದ ವಿಶೇಷ ಶಿಕ್ಷಣದ ವೆಚ್ಚವನ್ನು ಆ ಶಾಲೆಗಳು ಭರಿಸಲಾರದಾಗಿದ್ದವು. ಸರ್ಕಾರಿ ಶಿಕ್ಷಕರು ಧಾರ್ಮಿಕ ಶಾಲೆಗಳಲ್ಲಿ ಪಾಠ ಹೇಳುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ನೀಡಿದ ಬಳಿಕ, ಅದುವರೆಗೆ ಹೆಣ್ಣುಮಕ್ಕಳ ಶಾಲೆಯ ಪಕ್ಕದ ಕಟ್ಟಡದಲ್ಲಿ ನಡೆಯುತ್ತಿದ್ದ ಸರ್ಕಾರಿ ತರಗತಿಗಳು ನಿಂತುಹೋದವು. ಹೊರಗಿನ ಶಾಲೆಗೆ ಹೋದ ಮಕ್ಕಳು ಅಲ್ಲಿನ ಉಡುಪು, ಭಾಷೆ, ನಡವಳಿಕೆಗಳ ನಡುವೆ ಭಯಭೀತರಾಗುತ್ತಾರೆಂದು ಹೆತ್ತವರು ಒಬ್ಬೊಬ್ಬರಾಗಿ ಅವರನ್ನು ಬಿಡಿಸಿಕೊಂಡದ್ದರಿಂದ, 1989ರ ವೇಳೆಗೆ ಗ್ರಾಮದ ಒಂದೇ ಒಂದು ಮಗು ಅಲ್ಲಿ ಉಳಿದಿತ್ತು. ಅದೇ ವರ್ಷ ನ್ಯೂಯಾರ್ಕ್ ಶಾಸನಸಭೆ ಈ ಗ್ರಾಮಕ್ಕೆಂದೇ ಪ್ರತ್ಯೇಕ ಶಾಲಾ ಜಿಲ್ಲೆಯನ್ನು ರಚಿಸುವ ಕಾಯಿದೆ ಮಾಡಿತು. ಒಗ್ಗಟ್ಟಾಗಿ ಬೀಳುವ ಮತಗಳ ಲೆಕ್ಕಾಚಾರ ಶಾಸಕರ ಮನಸ್ಸಿನಲ್ಲಿ ಇರಲಿಲ್ಲವೆಂದು ನಂಬುವುದು ಕಷ್ಟ.

ಶಾಲಾ ಜಿಲ್ಲೆಯೆಂದರೆ ಚುನಾಯಿತ ಮಂಡಳಿ ಬೇಕು. 1990ರ ಮೊದಲ ಚುನಾವಣೆಗೆ ಏಳು ಸ್ಥಾನಗಳಿಗೆ ಏಳು ಹೆಸರುಗಳನ್ನು ಪಂಥದ ರಬ್ಬಿ ಸೂಚಿಸಿದ್ದಾಗ, ಎಂಟನೆಯವರೊಬ್ಬರು ಅವರ ಒಪ್ಪಿಗೆಯಿಲ್ಲದೆ ಕಣಕ್ಕಿಳಿದರು. ಅವರನ್ನು ಸಭೆಯಿಂದ ಬಹಿಷ್ಕರಿಸಿ, ಅವರ ಮಕ್ಕಳನ್ನು ಧಾರ್ಮಿಕ ಶಾಲೆಯಿಂದ ಹೊರಹಾಕಲಾಯಿತು. ಆ ಅಭ್ಯರ್ಥಿ ಸೋತರೂ, ಸರ್ಕಾರಿ ಚುನಾವಣೆಗೆ ನಿಲ್ಲುವುದು ನಾಗರಿಕನೊಬ್ಬನ ಹಕ್ಕೋ ಗುರುವಿನ ಅನುಗ್ರಹವೋ ಎಂಬ ಪ್ರಶ್ನೆ ಹೊರಗಿನ ನ್ಯಾಯಾಲಯದ ಮೆಟ್ಟಿಲೇರಿತು. ಸಮುದಾಯದ ಗೋಡೆಯನ್ನು ಗಟ್ಟಿಗೊಳಿಸಲು ತಂದ ಸಾಧನದಿಂದಲೇ ಆ ಗೋಡೆಯಲ್ಲಿ ಬಿರುಕು ಬಿಟ್ಟದ್ದು ಇಲ್ಲಿ ಎದ್ದುಕಾಣುತ್ತದೆ.

ಶಾಲಾ ಜಿಲ್ಲೆಯನ್ನು ರಚಿಸಿದ 1989ರ ಕಾಯಿದೆಯನ್ನು ರಾಜ್ಯದ ಶಾಲಾ ಮಂಡಳಿಗಳ ಸಂಘದ ಮುಖ್ಯಾಧಿಕಾರಿ ಲೂಯಿ ಗ್ರುಮೆಟ್ ಪ್ರಶ್ನಿಸಿದರು. 1994ರ ಜೂನ್ 27ರಂದು ಸುಪ್ರೀಂ ಕೋರ್ಟು 6–3 ಬಹುಮತದಿಂದ ಅದನ್ನು ಅಸಿಂಧುವೆಂದು ಘೋಷಿಸಿತು. ಒಂದು ಧಾರ್ಮಿಕ ಗುಂಪಿಗೆಂದೇ ಅಧಿಕಾರ ನೀಡಿದ ಶಾಸನಸಭೆ ಇನ್ನೊಂದು ಗುಂಪಿಗೂ ಅದನ್ನೇ ನೀಡೀತೆಂಬ ಭರವಸೆಯಿಲ್ಲ ಎಂಬುದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಡೇವಿಡ್ ಸೌಟರ್ ಅವರ ಮುಖ್ಯ ತರ್ಕ. ನ್ಯಾಯಮೂರ್ತಿ ಸ್ಟೀವನ್ಸ್ ಅವರು ಪ್ರತ್ಯೇಕ ಸಹಮತದಲ್ಲಿ, ಹೊರಗಿನ ಶಾಲೆಯ ಸಹಪಾಠಿಗಳಿಗೆ ಸಹನೆ ಕಲಿಸುವ ದಾರಿಯೂ ರಾಜ್ಯದ ಮುಂದಿತ್ತೆಂದು ಬರೆದದ್ದು ಹೆಚ್ಚು ಗಮನಾರ್ಹವಾಗಿದ್ದರೂ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಶಾಸನಸಭೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕಾಯಿದೆ ಮಾಡಿ, 1999ರ ರೂಪದಲ್ಲಿ ಶಾಲಾ ಜಿಲ್ಲೆಯನ್ನು ಉಳಿಸಿಕೊಂಡಿತು.

ಇತ್ತ ಗುರುಪೀಠದಲ್ಲೂ ಬದಲಾವಣೆ ನಡೆದಿತ್ತು. ಮೊದಲ ರೆಬ್ಬೆ ಜೋಯೆಲ್ ಅವರಿಗೆ ಬದುಕುಳಿದ ಸಂತಾನವಿಲ್ಲದ್ದರಿಂದ ಅವರ ಸಹೋದರನ ಮಗ ಮೋಶೆ ಟೈಟಲ್‌ಬಾಮ್ ಪೀಠವೇರಿದಾಗ, ಹಳೆಯ ಗುರುವಿಗೇ ನಿಷ್ಠರಾಗಿ ಉಳಿದ ಕೆಲವರು ಅವರ ವಿಧವೆ ಫೈಗಾ ಅವರ ಸುತ್ತ ನೆರೆದು, ಮುಂದೆ ‘ಬ್ನೈ ಯೋಯೆಲ್’ ಎಂಬ ಬಣವಾಗಿ ಬೇರ್ಪಟ್ಟರು. ಮೋಶೆಯವರು 2006ರಲ್ಲಿ ತೀರಿಕೊಂಡ ಮೇಲೆ ಕಿರ್ಯಾಸ್ ಜೋಯೆಲ್‌ನ ಆರನ್ ಮತ್ತು ವಿಲಿಯಮ್ಸ್‌ಬರ್ಗ್‌ನ ಜಲ್ಮನ್ ಲೈಬ್ ಎಂಬ ಅವರ ಇಬ್ಬರು ಪುತ್ರರೂ ರೆಬ್ಬೆ ಪದವಿಗೆ ಹಕ್ಕು ಸಾಧಿಸಿದ್ದರಿಂದ ಪಂಥವೇ ಇಬ್ಭಾಗವಾಯಿತು. ಬಣಗಳ ಪ್ರಾರ್ಥನಾಮಂದಿರಗಳಷ್ಟೇ ಅಲ್ಲ, ಅವು ಬೆಂಬಲಿಸುವ ಅಭ್ಯರ್ಥಿಗಳೂ ಬೇರೆಯಾಗತೊಡಗಿ, ಅವಿಭಾಜ್ಯವೆನಿಸಿದ್ದ ಮತಗಂಟು ಬಿಚ್ಚಿಕೊಂಡಿತು. ಆದರೂ ನಿಷ್ಠೆ ತೋರುವ ಗುರು ಬೇರೆಯಾದನೇ ಹೊರತು ಗುರುವಿನ ಮಾತಿನಂತೆ ಮತ ಹಾಕುವ ರೂಢಿ ಬಹುಮಟ್ಟಿಗೆ ಉಳಿದುಕೊಂಡಿತು.

ಗ್ರಾಮ ಬೆಳೆದಂತೆಲ್ಲ ಅದರ ಮತಗಳೇ ಮನ್ರೋ ಟೌನಿನ ಚುನಾವಣೆಗಳನ್ನು ನಿರ್ಧರಿಸತೊಡಗಿದ್ದರಿಂದ, ‘ಯುನೈಟೆಡ್ ಮನ್ರೋ’ ಎಂಬ ನಾಗರಿಕ ಸಂಘಟನೆ ಹುಟ್ಟಿಕೊಂಡು ಗ್ರಾಮದ ಗಡಿ ವಿಸ್ತರಣೆಯ ವಿರುದ್ಧ ಹೋರಾಡಿತು. ಕೊನೆಗೆ ಎರಡೂ ಕಡೆಯವರು ಬೇರೆಯಾಗುವುದೇ ಲೇಸೆಂದು ಒಪ್ಪಿಕೊಂಡು, 2017ರ ನವೆಂಬರ್ 7ರ ಜನಮತಗಣನೆಯಲ್ಲಿ ಭಾರೀ ಬಹುಮತದಿಂದ ಕಿರ್ಯಾಸ್ ಜೋಯೆಲ್ ಅನ್ನು ಒಳಗೊಂಡ ಪಾಮ್ ಟ್ರೀ ಎಂಬ ಹೊಸ ಟೌನಿನ ರಚನೆಗೆ ಸಮ್ಮತಿಸಿದರು. 2019ರ ಜನವರಿ 1ರಂದು ಅದು ಅಸ್ತಿತ್ವಕ್ಕೆ ಬಂದ ಮೇಲೆ ಮನ್ರೋ ಆಡಳಿತದಲ್ಲಿ ಕಿರ್ಯಾಸ್ ಜೋಯೆಲ್‌ನ ಮತದಾರರಿಗೆ ಪಾತ್ರವಿಲ್ಲವಾಗಿದ್ದು, ಹೊಸ ಟೌನಿನ ಚುನಾವಣೆಯಲ್ಲಿ ಸ್ಪರ್ಧೆ ಏರ್ಪಟ್ಟರೆ ಅದು ಬಹುತೇಕ ಸತ್ಮಾರ್ ಬಣಗಳ ನಡುವಿನದೇ ಆಗಿರುತ್ತದೆ.