ವಿಕಿರಣ ಚಿಕಿತ್ಸೆಯ ತರುವಾಯ ಶ್ವಾಸಕೋಶದ ನೆರಳು

1895ರಲ್ಲಿ ರಾಂಟ್ಜನ್ನನು ಕಂಡುಹಿಡಿದ ಕ್ಷ-ಕಿರಣದ ಚಪ್ಪಟೆ ನೆರಳೇ, 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗಲೂ ಎದೆಯ ಗಂತಿಯನ್ನು ಅಳೆಯಲು ಮುಖ್ಯ ಆಧಾರವಾಗಿದ್ದಿತು. 1971ರಲ್ಲಿ ರೋಗಿಯ ಮೇಲೆ ಮೊದಲು ಪ್ರಯೋಗವಾದ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ದೇಹವನ್ನು ಅಡ್ಡಹೋಳುಗಳಲ್ಲಿ ನೋಡುವ ಮಾರ್ಗವನ್ನು ತೆರೆಯಿತು. 2000ದಲ್ಲಿ ಪ್ರಕಟವಾದ ‘ರೆಸಿಸ್ಟ್’ ಸೂತ್ರವು ಗಂತಿಗಳ ವ್ಯಾಸಗಳ ಮೊತ್ತ ಶೇಕಡ 30ರಷ್ಟಾದರೂ ಕುಗ್ಗಿದರೆ ಅದನ್ನು ಭಾಗಶಃ ಫಲವೆಂದಿತು.

ಆದರೆ ವಿಕಿರಣ ಚಿಕಿತ್ಸೆಯು ಸುತ್ತಣ ಶ್ವಾಸಕೋಶವನ್ನೂ ಘಾಸಿಗೊಳಿಸಿ, ಮೊದಲ 6 ತಿಂಗಳಲ್ಲಿ ಉರಿಯೂತವನ್ನೂ ಅನಂತರ ನಾರುಗಟ್ಟಿದ ಕಲೆಯನ್ನೂ ಉಂಟುಮಾಡುವುದುಂಟು. ಕಲೆಯನ್ನು ರೋಗವೆಂದು ಬಗೆದರೆ ವ್ಯರ್ಥ ಚಿಕಿತ್ಸೆ. ರೋಗವನ್ನು ಕಲೆಯೆಂದು ಬಗೆದರೆ ಪ್ರಾಣಾಪಾಯ. ಜೀವಕೋಶಗಳ ಗ್ಲೂಕೋಸ್ ಬಳಕೆಯನ್ನು ತೋರುವ ಪೆಟ್ ಚಿತ್ರದಲ್ಲಿ ಉರಿಯೂತವೂ ಬೆಳಗುವುದರಿಂದ ಸುಮಾರು 12 ವಾರ ಕಾಯುವರು. ಆದುದರಿಂದ ಕಾರ್ಕಳ, ಕಾಪುಗಳಿಂದ ಮಣಿಪಾಲಕ್ಕೆ ಬರುವ ರೋಗಿಯು ಹಳೆಯ ಚಿತ್ರಗಳನ್ನೂ ತರುವುದು ಅವಶ್ಯ.