ನಿರೀಶ್ವರ ನೀತಿಪಂಥವೂ ಧರ್ಮದ ಲಕ್ಷಣವೂ

ಜಗತ್ಕರ್ತನನ್ನು ಒಪ್ಪದ ಪಂಥವು ಧರ್ಮವೆನಿಸೀತೆ ಎಂಬುದು ದಾರ್ಶನಿಕರ ಜಿಜ್ಞಾಸೆ ಮಾತ್ರವಲ್ಲ. ತೆರಿಗೆ ವಿನಾಯಿತಿ, ದತ್ತಿಯ ಮಾನ್ಯತೆ ಮುಂತಾದ ಲೌಕಿಕ ಹಕ್ಕುಗಳೂ ಅದನ್ನು ಅವಲಂಬಿಸಿವೆ. ‘ಎಥಿಕಲ್ ಕಲ್ಚರ್’ ಚಳವಳಿಯ ಇತಿಹಾಸ ಇದಕ್ಕೆ ನಿದರ್ಶನ.

ಯಹೂದಿ ರಬ್ಬಿಯ ಮಗನಾದ ಫೆಲಿಕ್ಸ್ ಆಡ್ಲರ್ 1876ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಆರಂಭಿಸಿದರು. ದೇವರ ವಿಷಯದಲ್ಲಿ ಸದಸ್ಯರು ಏನನ್ನೇ ನಂಬಲಿ, ಸದಾಚಾರವೇ ಅವರನ್ನು ಕೂಡಿಸುವ ಸೂತ್ರವಾಗಿತ್ತು. 1878ರಲ್ಲಿ ಬಡಮಕ್ಕಳಿಗಾಗಿ ಉಚಿತ ಶಿಶುವಿಹಾರ ತೆರೆದದ್ದು ಆ ಸೂತ್ರದ ಮೊದಲ ಫಲಗಳಲ್ಲೊಂದು.

ಈ ಚಳವಳಿಗೆ ಎರಡು ದೇಶಗಳ ನ್ಯಾಯಾಲಯಗಳು ಎರಡು ಬಗೆಯ ಉತ್ತರವಿತ್ತವು. 1957ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಅಲ್ಲಿನ ಎಥಿಕಲ್ ಸೊಸೈಟಿಯ ಕಟ್ಟಡಕ್ಕೆ ಧಾರ್ಮಿಕ ಸಂಸ್ಥೆಗಳಿಗೆ ಸಲ್ಲುವ ತೆರಿಗೆ ವಿನಾಯಿತಿಯನ್ನು ಒಪ್ಪಿತು. ಆದರೆ 1980ರಲ್ಲಿ ಲಂಡನ್ನಿನ ಸೌತ್ ಪ್ಲೇಸ್ ಎಥಿಕಲ್ ಸೊಸೈಟಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಡಿಲನ್, ದೇವರಲ್ಲಿ ಶ್ರದ್ಧೆ ಮತ್ತು ಆ ದೇವರ ಆರಾಧನೆ ಇವೆರಡೂ ಧರ್ಮಕ್ಕೆ ಅಗತ್ಯವೆಂದರು. ಆ ಸಂಸ್ಥೆಗೆ ದತ್ತಿಯ ಮಾನ್ಯತೆ ದೊರೆತದ್ದು ಶಿಕ್ಷಣದಂತಹ ಅನ್ಯ ಕಾರಣಗಳಿಂದ.

ಇವೆರಡಕ್ಕೂ ಮೊದಲೇ, 1954ರಲ್ಲಿ, ಭಾರತದ ಸರ್ವೋಚ್ಚ ನ್ಯಾಯಾಲಯ ಇದನ್ನು ವಿವೇಚಿಸಿತ್ತು. ಮೊಕದ್ದಮೆ ಉಡುಪಿಯ ಶಿರೂರು ಮಠದ್ದು. ಧರ್ಮವೆಂದರೆ ಸೃಷ್ಟಿಕರ್ತನೊಡನೆ ಮನುಷ್ಯನ ಸಂಬಂಧ ಎಂಬ ಹಳೆಯ ಅಮೆರಿಕನ್ ತೀರ್ಪೊಂದರ ಲಕ್ಷಣವನ್ನು ನ್ಯಾಯಾಲಯ ಒಪ್ಪಲಿಲ್ಲ. ಧರ್ಮವು ಈಶ್ವರವಾದಿಯೇ ಆಗಬೇಕಿಲ್ಲ ಎಂಬುದಕ್ಕೆ ಅದು ಜೈನ, ಬೌದ್ಧ ಧರ್ಮಗಳನ್ನು ಉದಾಹರಿಸಿತು. ದ್ವೈತ ಮಠವೊಂದರ ವ್ಯಾಜ್ಯದಲ್ಲಿ ನಿರೀಶ್ವರ ಧರ್ಮಗಳಿಗೂ ಮನ್ನಣೆ ದೊರೆತದ್ದು ಗಮನಾರ್ಹ.

ಆದರೂ ಜೈನಧರ್ಮದ ನಿದರ್ಶನದಿಂದ ಸಿದ್ಧವಾಗುವುದು ಇಷ್ಟೇ: ಕರ್ತೃವಾದದ ಅಭಾವ ಧರ್ಮತ್ವಕ್ಕೆ ಬಾಧಕವಲ್ಲ. ಆ ಅಭಾವವೇ ಧರ್ಮತ್ವದ ಸಾಧಕವೂ ಅಲ್ಲ. ಜೈನರಲ್ಲಿ ಕರ್ಮಸಿದ್ಧಾಂತವಿದೆ, ಮೋಕ್ಷಮಾರ್ಗವಿದೆ, ಜಿನಪೂಜೆಯೂ ಇದೆ. ಆ ಪೂಜೆ ವರ ಬೇಡುವುದಕ್ಕಲ್ಲ. ಜಿನನ ಗುಣಗಳನ್ನು ತನ್ನಲ್ಲಿ ಪ್ರಕಟಪಡಿಸಿಕೊಳ್ಳುವುದಕ್ಕೆ. ಎಥಿಕಲ್ ಕಲ್ಚರಿನಲ್ಲಿ ಇವು ಯಾವುವೂ ಇಲ್ಲ. ಆದುದರಿಂದ ಅದು ಜೈನಧರ್ಮದ ಸಾದೃಶ್ಯವನ್ನು ಆಶ್ರಯಿಸದೆ ತನ್ನದೇ ನೆಲೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಪ್ರತಿಯೊಬ್ಬ ಮನುಷ್ಯನ ನೈತಿಕ ಘನತೆಯೇ ಪರಮವೆಂಬ ಶ್ರದ್ಧೆ, ವಿವಾಹದಿಂದ ಅಂತ್ಯಕ್ರಿಯೆಯವರೆಗೆ ಬಾಳನ್ನು ಸಂಸ್ಕರಿಸುವ ಸಮುದಾಯ ಇವೇ ಅದರ ಉತ್ತರ.

ಇಂಗ್ಲೆಂಡಿನ 2006ರ ದತ್ತಿ ಕಾಯಿದೆ, ದೇವರನ್ನು ನಂಬದ ಧರ್ಮವೂ ಧರ್ಮವೇ ಎಂದು ಅಂಗೀಕರಿಸಿತು. ದೇವರಿದ್ದಾನೆಯೇ ಎಂಬ ಒಂದೇ ಪ್ರಶ್ನೆಯಿಂದ ಧರ್ಮವನ್ನು ಅಳೆಯುವ ಕ್ರಮ ಅಲ್ಲಿಯೂ ಸಡಿಲಗೊಂಡಿತು. ಒಂದು ಪಂಥ ಬಾಳಿಗೆ ಯಾವ ಪರಮಗುರಿಯನ್ನು ತೋರುತ್ತದೆ, ಆ ಗುರಿಗೆ ತಕ್ಕ ಆಚರಣೆಯನ್ನು ಹೇಗೆ ಕಟ್ಟಿಕೊಡುತ್ತದೆ ಎಂಬುದೇ ಉಳಿಯುವ ಪ್ರಶ್ನೆ.